ಬೆಳವಲ, ಕಮರಾಕ್ಷಿ ಮತ್ತು ನಿಲ್ಲದ ಬಿಕ್ಕಳಿಕೆ

ಬ್ಯಾಡಗಿಯಲ್ಲಿ ಯಾರ ಕಣ್ಣು ಊದಿದ್ದರೂ ಯಾರೂ ಕಾರಣ ಕೇಳುವುದಿಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಊರಿನ ಗಾಳಿಯಲ್ಲೇ ಮೆಣಸಿನಕಾಯಿಯ ಘಾಟು ಇರುತ್ತದೆ. ರೈಲಿನಿಂದ ಇಳಿದ ಹೊಸಬರು ಪ್ಲಾಟ್‌ಫಾರ್ಮಿನ ಮೇಲೆಯೇ ಸೀನಲು ಶುರುಮಾಡುತ್ತಾರೆ, ನಾವು ನಗುತ್ತೇವೆ. ನನ್ನ ಗಂಡನದು ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ. ಸಂಜೆ ಬಂದವರು ಅಂಗಿಯನ್ನು ಹಿತ್ತಲಲ್ಲಿ ಝಾಡಿಸಿಯೇ ಒಳಗೆ ಬರಬೇಕು, ಇಲ್ಲದಿದ್ದರೆ ಮನೆಮಂದಿಯೆಲ್ಲ ಕೆಮ್ಮುತ್ತೇವೆ. ಕೆಮ್ಮು, ಸೀನು, ಕಣ್ಣೀರು, ಗಂಟಲುರಿ ಎಲ್ಲಕ್ಕೂ ನಮ್ಮಲ್ಲಿ ಉತ್ತರ ಒಂದೇ: ಘಾಟು.

ಹಾಗಾಗಿ ಎರಡು ವರ್ಷದ ಹಿಂದೆ ನನ್ನ ಕಣ್ಣಿನ ರೆಪ್ಪೆಗಳು ಬೆಳಗಾದರೆ ಊದತೊಡಗಿದಾಗ ನಾನೂ ತಣ್ಣೀರು ಚಿಮುಕಿಸಿಕೊಂಡು ಸುಮ್ಮನಾದೆ. ಆಮೇಲೆ ಕಾಲು ಊದಿತು. ಕಾಲುಂಗುರ ಬೆರಳಿನೊಳಗೆ ಕುಳಿತು, ತೆಗೆದರೆ ಸುತ್ತಲೂ ಹಗ್ಗ ಬಿಗಿದಂಥ ಗುರುತು ಉಳಿಯುತ್ತಿತ್ತು. ಅತ್ತೆ ಗಂಗವ್ವ ಅದನ್ನೂ ನೋಡಿ "ಘಾಟಿನ ಉಬ್ಬರ, ಜೀರಗಿ ಕುದಿಸಿ ಕುಡಿ" ಅಂದರು. ನನ್ನ ಮಗಳು ಅನುಷಾ ದಿನಾ ಹಾವೇರಿಯ ಕಾಲೇಜಿಗೆ ರೈಲಿನಲ್ಲಿ ಹೋಗಿಬರುತ್ತಾಳೆ. ಒಂದು ಬೆಳಿಗ್ಗೆ ಬೂಟಿನ ಲೇಸು ಕಟ್ಟಿಕೊಳ್ಳುತ್ತ ನನ್ನ ಕಾಲು ನೋಡಿ ಕೇಳಿದಳು:

"ಮಮ್ಮಿ, ಘಾಟು ಮೂಗಿಗೆ ಬಡೀತೈತಿ, ಖರೇ. ಕಾಲಿಗೂ ಬಡೀತೈತೇನು?"

ಅತ್ತೆ ಅವಳನ್ನು ಗದರಿಸಿದರು. ಆದರೆ ಆ ಪ್ರಶ್ನೆ ಮನೆಯಲ್ಲಿ ಉಳಿಯಿತು. ಅದೇ ವಾರ ಹಾವೇರಿಯ ಆಸ್ಪತ್ರೆಗೆ ಹೋದೆವು.

ಕಾಯುವ ಕೋಣೆಯಲ್ಲಿ ನನ್ನ ಪಕ್ಕ ಅಗಡಿ ಕಡೆಯ ಹೆಂಗಸೊಬ್ಬಳು ಕುಳಿತಿದ್ದಳು. ಹಸಿರು ಇಳಕಲ್ ಸೀರೆ, ಮಡಿಲಲ್ಲಿ ಒಂದು ಚಿಕ್ಕ ಬಾಟಲಿ. ಕೂಸನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಅದನ್ನು ಹಿಡಿದಿದ್ದಳು. ಅರ್ಧ ಬಾಟಲಿ ನೀರು. ಬಾಯಿ ಒಣಗಿದಂತೆ ನಾಲಿಗೆ ಆಡಿಸುತ್ತಿದ್ದರೂ ಕುಡಿಯುತ್ತಿರಲಿಲ್ಲ. ಇದೇನು ಹಠ ಅಂದುಕೊಂಡೆ. ಎದುರಿನ ಡಯಾಲಿಸಿಸ್ ಕೋಣೆಯ ಬಾಗಿಲು ತೆರೆದಾಗಲೆಲ್ಲ ಒಳಗೆ ಸಾಲು ಮಂಚಗಳು, ಕಂಬಳಿಯಿಂದ ಹೊರಗೆ ಚಾಚಿದ ಪಾದಗಳು, ಸಣ್ಣಗೆ ತಿರುಗುವ ಯಂತ್ರಗಳು ಕಾಣುತ್ತಿದ್ದವು. ಬಾಗಿಲು ತನ್ನಿಂದ ತಾನೇ ಮುಚ್ಚಿಕೊಳ್ಳುವ ತನಕ ನಾನು ಬೇರೆ ಕಡೆ ನೋಡಬೇಕೆಂದುಕೊಂಡೂ ಅಲ್ಲೇ ನೋಡುತ್ತಿದ್ದೆ.

ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಬರುವ ಡಾಕ್ಟರು ಕಾಗದಗಳನ್ನು ಎರಡು ಸಲ ತಿರುವಿ ನೋಡಿದರು. ಗೊತ್ತಾಗದೆ ಬೆಳೆದ ಬಿಪಿ, ಅದರಿಂದ ಕಿಡ್ನಿ.

"ಎರಡೂ ದಣದಾವರಿ. ಪೂರ್ತಿ ಕೈ ಬಿಟ್ಟಿಲ್ಲ. ಉಳಿದಷ್ಟನ್ನ ಜ್ವಾಪಾನ ಮಾಡಿಕೊಂಡ್ರ ಭಾಳ ವರ್ಷ ನಡೀತದ. ಇಲ್ಲಾಂದ್ರ" ಎಂದು ಅವರು ತಲೆಯನ್ನು ಸ್ವಲ್ಪ ಆ ಬಾಗಿಲಿನ ಕಡೆ ಆಡಿಸಿದರು. ಅಷ್ಟೇ. ಆಮೇಲೆ ಒಂದು ಅಚ್ಚಾದ ಹಾಳೆ ಕೊಟ್ಟು, "ಇದರಾಗ ಇಲ್ಲದ್ದು ಏನರ ಹೊಸಾದು ತಿನ್ನೂದಿದ್ರ ಒಂದು ಫೋನ್ ಮಾಡಿ ಕೇಳ್ರಿ" ಅಂದರು.

ಅಂದಿನಿಂದ ಆ ಬಾಗಿಲು ನನ್ನ ತಲೆಯಲ್ಲಿ ತೆರೆಯುತ್ತ ಮುಚ್ಚುತ್ತ ಇತ್ತು. ಅದರೊಳಗೆ ಹೋಗಬಾರದು. ನನ್ನ ಬದುಕಿಗೆ ಇದ್ದದ್ದು ಇದೊಂದೇ ಹರಕೆ.

ಮನೆಗೆ ಬಂದ ಮೇಲೆ ಯಾರೂ ಅಳಲಿಲ್ಲ. ಅತ್ತೆ ಸ್ಟೂಲು ಹತ್ತಿ ಉಪ್ಪಿನಕಾಯಿ ಜಾಡಿ, ಹಪ್ಪಳ, ಸಂಡಿಗೆ ಡಬ್ಬಿಗಳನ್ನೆಲ್ಲ ಅಟ್ಟದ ಮೇಲಿಟ್ಟರು. ಎಪ್ಪತ್ತು ದಾಟಿದ ಕಾಲುಗಳು ಸ್ಟೂಲಿನ ಮೇಲೆ ನಡುಗುವುದು ನನಗೆ ಕಾಣುತ್ತಿತ್ತು. ನನ್ನ ಗಂಡ ಶಿವಾನಂದ ಮಾತ್ರ, "ಊರಿಗೆಲ್ಲ ಖಾರ ಹಂಚೋ ಮನ್ಯಾಗ ಸಪ್ಪನ ಅಡಿಗಿ. ಗಿರಾಕಿಗಳಿಗೆ ಹೇಳಬ್ಯಾಡ್ರಿ ಮತ್ತ" ಎಂದು ನಗಿಸಲು ನೋಡಿದರು. ಕೆಲವು ದಿನಗಳ ಮೇಲೆ ಗೊತ್ತಾಯಿತು, ಅತ್ತೆಯೂ ತಮ್ಮ ಸಾರಿಗೆ ಉಪ್ಪು ಹಾಕಿಕೊಳ್ಳುತ್ತಿರಲಿಲ್ಲ. ಕೇಳಿದರೆ, "ನಂಗೂ ಬಿಪಿ ಐತಿ" ಅಂದರು. ಅವರಿಗೆ ಬಿಪಿ ಇಲ್ಲ.

ನೋಡಲು ಬಂದವರೆಲ್ಲ ತಂದದ್ದು ಎಳನೀರು, ಬಾಳೆಹಣ್ಣು, ಮೋಸಂಬಿ. ಹಾಳೆಯಲ್ಲಿ ಮೂರಕ್ಕೂ ಅಡ್ಡಗೆರೆ ಇತ್ತು, ಪೊಟ್ಯಾಸಿಯಂ ಹೆಚ್ಚು ಅಂತ. ಹೆಚ್ಚಾದ ಪೊಟ್ಯಾಸಿಯಂ ಹೊರಹಾಕುವ ಶಕ್ತಿ ನನ್ನ ಕಿಡ್ನಿಗಳಿಗಿರಲಿಲ್ಲ. ಬಂದವರ ಮನಸ್ಸು ನೋಯಬಾರದೆಂದು ತೆಗೆದುಕೊಂಡು, ಅವರು ಹೋದ ಮೇಲೆ ಓಣಿಯ ಮಕ್ಕಳಿಗೆ ಕೊಡುತ್ತಿದ್ದೆ. ನನಗೆ ಉಳಿದದ್ದು ಸೇಬಿನ ಹೋಳು. ಮೂರು ತಿಂಗಳು ಸೇಬು ತಿಂದರೆ ನಾಲಿಗೆಗೆ ಸೇಬಿನ ರುಚಿ ಗೊತ್ತಾಗುವುದು ನಿಂತುಹೋಗುತ್ತದೆ.

ಆ ಚಳಿಗಾಲದಲ್ಲಿ ಎರಡು ಹಣ್ಣು ಮನೆಗೆ ಬಂದವು.

ಒಂದನ್ನು ತಂದವರು ಅತ್ತೆ. ಅವರ ತವರಿನ ಹೊಲದ ಬದುವಿನಲ್ಲಿ ದೊಡ್ಡ ಬೆಳವಲ ಗಿಡವಿದೆ. ಕಲ್ಲಿನಂಥ ಚಿಪ್ಪು, ಒಳಗೆ ಹುಳಿ-ಸಿಹಿಯ ಕಂದು ತಿರುಳು. ಬೆಲ್ಲ ಕಲಸಿ ತಿಂದರೆ ಪಿತ್ತ ಇಳಿಯುತ್ತದೆ, ಹೊಟ್ಟೆ ಹಗುರಾಗುತ್ತದೆ ಎಂದು ಅವರ ಅಚಲ ನಂಬಿಕೆ. "ಬಳೂಲಹಣ್ಣು ತಿಂದ ಮಂದಿ ನಾವು, ದವಾಖಾನಿ ಬಾಗಲಾ ನೋಡಿಲ್ಲ" ಅನ್ನುತ್ತಿದ್ದರು.

ಇನ್ನೊಂದನ್ನು ಕಳಿಸಿದವಳು ರಾಣೆಬೆನ್ನೂರಿನಲ್ಲಿರುವ ನಾದಿನಿ ಸುಮಂಗಲಾ. ಅವಳ ಹಿತ್ತಲಲ್ಲಿ ಕಮರಾಕ್ಷಿ ಗಿಡವಿತ್ತು. ಹಳದಿ ಬಣ್ಣದ, ಐದು ಏಣಿನ ಹಣ್ಣು. ಅಡ್ಡ ಕೊಯ್ದರೆ ಪ್ರತಿ ಹೋಳೂ ಒಂದೊಂದು ಚಿಕ್ಕಿ, ಆಕಾಶದ ನಕ್ಷತ್ರದ ಹಾಗೆ. ಪೇಟೆಯಲ್ಲಿ ಸ್ಟಾರ್ ಫ್ರೂಟ್ ಅಂತ ಮಾರುತ್ತಾರೆ. ನನ್ನ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಅತ್ತವಳು ಅವಳೇ. ಒಂದು ಕೈಚೀಲದ ತುಂಬ ಹಣ್ಣು ಕಳಿಸಿ ಫೋನ್ ಮಾಡಿದಳು.

"ವೈನಿ, ಮೊಬೈಲಿನ್ಯಾಗ ನೋಡೇನಿ, ಇದರಾಗ ಸಕ್ರಿ ಕಡಿಮಿ, ವಿಟಮಿನ್ ಸಿ ಭಾಳ. ಅವ್ವನ ಮಾತು ಕೇಳಿ ಆ ಬಳೂಲಹಣ್ಣು ತಿನಬ್ಯಾಡ್ರಿ, ಬೆಲ್ಲ ಸುರದು ಕೊಡ್ತಾಳ ಆಕಿ."

ಸ್ಪೀಕರ್ ಹಾಕಿತ್ತು. ಅತ್ತೆ ಪಕ್ಕದಲ್ಲೇ ಇದ್ದರು. "ಹೌದವ್ವಾ, ನಿನ್ನ ನಾನು ಮೊಬೈಲ್ ತಿನಿಸಿ ಬೆಳಸೇನಲ್ಲ" ಅಂದರು.

ಇಬ್ಬರಲ್ಲಿ ಒಬ್ಬರನ್ನು ಬೇಡ ಅನ್ನುವುದು ನನ್ನಿಂದಾಗದ ಕೆಲಸ. ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ವಿಜ್ಞಾನದ ಸಿಸ್ಟರ್ ಪ್ರತಿ ಪರೀಕ್ಷೆಯಲ್ಲೂ 'ಇವೆರಡರ ವ್ಯತ್ಯಾಸ ಬರೆಯಿರಿ' ಎಂಬ ಪ್ರಶ್ನೆ ಕೊಡುತ್ತಿದ್ದರು. ಸ್ಕೇಲಿಟ್ಟು ನಡುವೆ ಗೆರೆ ಹಾಕಬೇಕು, ಎಡಕ್ಕೊಂದು ಬಲಕ್ಕೊಂದು ತಲೆಬರಹ ಬರೆಯಬೇಕು, ಅಂಶ ಅಂಶ ಎದುರುಬದುರಾಗಿರಬೇಕು. ಗೆರೆ ಡೊಂಕಾದರೆ ಹಾಳೆ ವಾಪಸು. ನನಗೆ ಆ ಪ್ರಶ್ನೆಯಲ್ಲಿ ಯಾವತ್ತೂ ಪೂರ್ತಿ ಅಂಕ. ಅನುಷಾಳ ಹಳೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೆರೆ ಎಳೆದೆ. ಎಡಕ್ಕೆ ಬೆಳವಲ, ಬಲಕ್ಕೆ ಕಮರಾಕ್ಷಿ.

ಅವಳ ಮೊಬೈಲಿನಲ್ಲಿ ಹುಡುಕಿ ಬರೆದದ್ದು ಈಗಲೂ ನೆನಪಿದೆ. ನಾರು ಬೆಳವಲದಲ್ಲಿ ಹೆಚ್ಚು, ಕ್ಯಾಲ್ಸಿಯಂ ಅದರಲ್ಲೇ ಹೆಚ್ಚು, ಹಣ್ಣಿನ ಲೆಕ್ಕಕ್ಕೆ ಪ್ರೋಟೀನೂ ಇದೆ. ಅಜೀರ್ಣಕ್ಕೆ ಒಳ್ಳೆಯದು. ಅಷ್ಟರಮಟ್ಟಿಗೆ ಅತ್ತೆಯ ಮಾತು ಸುಳ್ಳಲ್ಲ. ಆದರೆ ಶಕ್ತಿಯಂಶ ಹೆಚ್ಚು, ಮೇಲೆ ಬೆಲ್ಲ, ಪೊಟ್ಯಾಸಿಯಂ ಕೂಡ ಸಾಕಷ್ಟು. ಕಮರಾಕ್ಷಿಯಲ್ಲಿ ಬರೀ ನೀರೇ ಜಾಸ್ತಿ, ಸಕ್ಕರೆ ಕಡಿಮೆ, ವಿಟಮಿನ್ ಸಿ ಧಾರಾಳ. ಪೊಟ್ಯಾಸಿಯಂ ಬಾಳೆಹಣ್ಣಿನ ಅರ್ಧಕ್ಕಿಂತಲೂ ಕಡಿಮೆ. ಆ ಸಾಲಿನ ಕೆಳಗೆ ನಾನು ಎರಡು ಗೆರೆ ಎಳೆದೆ. ಡಾಕ್ಟರು ಕೊಟ್ಟ ಹಾಳೆ ತೆಗೆದು ನೋಡಿದೆ. ಬೇಡ ಎನ್ನುವ ಪಟ್ಟಿಯಲ್ಲಿ ಕಮರಾಕ್ಷಿ ಇರಲಿಲ್ಲ. ಬೇಕು ಎನ್ನುವ ಪಟ್ಟಿಯಲ್ಲೂ ಇರಲಿಲ್ಲ, ನಮ್ಮ ಕಡೆ ಅಷ್ಟು ಯಾರೂ ತಿನ್ನುವ ಹಣ್ಣಲ್ಲವಲ್ಲ. ಫೋನ್ ಮಾಡಿ ಕೇಳಲೇ ಅನಿಸಿತು. ಅಷ್ಟು ದೊಡ್ಡ ಡಾಕ್ಟರಿಗೆ ಒಂದು ಹಣ್ಣಿನ ಸಲುವಾಗಿ ಫೋನೇ? ನಾಚಿಕೆಯಾಗಿ ಬಿಟ್ಟೆ.

ಅತ್ತೆಗೆ ಪುಟ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಗೆರಿ ಚಂದ ಹೊಡದಿ" ಅಂದರು. ಸೋತೆ ಅನ್ನಲಿಲ್ಲ.

ಅದೊಂದು ಸೋಮವಾರ. ಮಾರುಕಟ್ಟೆಗೆ ಚೀಲಗಳು ರಾಶಿಯಾಗಿ ಬರುವ ದಿನ. ಗಂಡ ಬೆಳಿಗ್ಗೆಯೇ ಹೋಗಿದ್ದರು. ಹತ್ತು ಗಂಟೆಗೆ ನಾಲ್ಕು ಕಮರಾಕ್ಷಿ ಮಿಕ್ಸಿಗೆ ಹಾಕಿ, ಸೋಸಿ, ಉಪ್ಪಿಲ್ಲದೆ ಒಂದು ದೊಡ್ಡ ಲೋಟ ಕುಡಿದೆ. ಎಷ್ಟೋ ತಿಂಗಳ ಮೇಲೆ ನಾಲಿಗೆ ಚುರುಕಾಯಿತು. ಹುಳಿಗೆ ಕಣ್ಣು ಮುಚ್ಚಿಕೊಂಡಿತು, ಸಣ್ಣವಳಿದ್ದಾಗ ಹುಣಸೆಹಣ್ಣು ಚೀಪಿದಾಗ ಮುಚ್ಚುತ್ತಿದ್ದ ಹಾಗೆ. ಉಳಿದ ಇನ್ನರ್ಧ ಲೋಟವನ್ನೂ ಕುಡಿದೆ.

ಮಧ್ಯಾಹ್ನ ಊಟ ಮುಗಿದು ಸ್ವಲ್ಪ ಹೊತ್ತಿಗೆ ಬಿಕ್ಕಳಿಕೆ ಶುರುವಾಯಿತು.

ನಮ್ಮಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿದ್ದಾರೆ ಅಂತ ಲೆಕ್ಕ. ನೆನೆಸಿದವರ ಹೆಸರು ಸರಿಯಾಗಿ ಹೇಳಿದರೆ ನಿಲ್ಲುತ್ತದೆ. ಪಕ್ಕದ ಮನೆಯ ಪಾರವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು, ಅಂದು ಬಿಡುವು ಮಾಡಿಕೊಂಡು ಕಟ್ಟೆಗೆ ಬಂದು ಕುಳಿತಿದ್ದಳು.

"ಘಾಟು ಜೋರೈತಿ ಇವತ್ತ" ಎಂದು ಮೊದಲು ತೀರ್ಪು ಕೊಟ್ಟಳು. ನೀರು ಕುಡಿದೆ. ನಿಲ್ಲಲಿಲ್ಲ.

"ಘಾಟಲ್ಲ ತಗೋ, ಯಾರೋ ನೆನಸಾಕತ್ಯಾರ" ಅಂದರು ಅತ್ತೆ. "ನಿಮ್ಮ ಅವ್ವ ಏನ?"

"ಇಲ್ರಿ ಅತ್ತಿ" ಅಂದೆ, ಬಿಕ್ಕುತ್ತಲೇ.

"ನಿಮ್ಮಣ್ಣ?"

"ಅವರಣ್ಣ ಹೆಂಡ್ತೀನ ಬಿಟ್ಟು ಮತ್ಯಾರನ್ನ ನೆನಸ್ತಾನ ಬಿಡ್ರಿ" ಪಾರವ್ವ ಅಂದಳು. "ಸಾಲಿ ಕಲಿಸಿದ ಸಿಸ್ಟರ್ ಇರಬೇಕು. ಗೆರಿ ಡೊಂಕ ಆಗೇತಿ ಅಂತ ನೆನಸ್ಯಾರ."

ನಕ್ಕೆವು. ನಗುವಿನ ನಡುವೆಯೂ ಎದೆ ಎಳೆದೆಳೆದು ಬೀಳುತ್ತಿತ್ತು. ಅತ್ತೆ ಸೋದರಮಾವ, ಚಿಕ್ಕಮ್ಮ, ಹಳೆಯ ಬಾಡಿಗೆಯವರು ಹೀಗೆ ಹೆಸರು ಹೇಳುತ್ತಲೇ ಹೋದರು. ಕೊನೆಗೆ ಪಾರವ್ವ, "ಅಯ್ಯ, ನಿಮ್ಮ ಸುಮಂಗಲಾ! ಹಣ್ಣು ಕಳಿಸ್ಯಾಳಲ್ಲ, ವೈನಿ ತಿಂದಾಳೋ ಇಲ್ಲೋ ಅಂತ ನೆನಸ್ಯಾಳ" ಅಂದಳು.

ಬಿಕ್ಕಳಿಕೆ ನಿಂತಿತು.

ಇಬ್ಬರೂ ಗೆದ್ದವರಂತೆ ಮುಖ ನೋಡಿಕೊಂಡರು. ಪಾರವ್ವ ಮನೆಗೆ ಹೋದಳು. ಐದು ನಿಮಿಷಕ್ಕೆ ಮತ್ತೆ ಶುರುವಾಯಿತು. ಆದರೆ ಕಾರಣ ಸಿಕ್ಕಿಬಿಟ್ಟಿತ್ತಲ್ಲ. "ಪಾಪ, ಮತ್ತ ನೆನಸಾಕತ್ಯಾಳ" ಅಂದರು ಅತ್ತೆ. ನಾನೂ ನಂಬಿದೆ. ಬಿಕ್ಕುತ್ತಲೇ ಬಟ್ಟೆ ಮಡಚಲು ಕುಳಿತೆ.

ಅಲ್ಲಿಂದ ಮುಂದಿನದು ನನಗೆ ತುಂಡು ತುಂಡಾಗಿ ನೆನಪಿದೆ. ಒಂದು ನೀಲಿ ಟವೆಲ್ಲು ಕೈಯಲ್ಲಿತ್ತು. ಮಡಚಿದೆ, ಬಿಚ್ಚಿದೆ, ಮಡಚಿದೆ. ನಾಲ್ಕು ಗಂಟೆಯ ರೈಲಿಗೆ ಬಂದ ಅನುಷಾ ಚೀಲ ಇಳಿಸಿ, "ಮಮ್ಮಿ, ಚಹಾ?" ಅಂದಳು. ಅವಳ ಮುಖ ಪರಿಚಿತ, ಹೆಸರು ಸಿಗಲಿಲ್ಲ. "ಸುಮಂಗಲಾ, ಯಾವಾಗ ಬಂದಿ?" ಅಂದೆನಂತೆ. ಅವಳು ತಮಾಷೆ ಅಂದುಕೊಂಡು ನಕ್ಕಳು. ಅತ್ತೆ ನಗಲಿಲ್ಲ. ಅವರು ಅರ್ಧ ಗಂಟೆಯಿಂದ ಆ ಟವೆಲ್ಲನ್ನೇ ನೋಡುತ್ತಿದ್ದರು.

"ಅನೂ, ನಿಮ್ಮಪ್ಪಗ ಫೋನ್ ಹಚ್ಚು. ಎತ್ತಲಿಲ್ಲಂದ್ರ ಅಂಗಡಿಗೇ ಓಡು. ಇದು ಘಾಟಲ್ಲ, ನೆನಪೂ ಅಲ್ಲ. ಮೊದಲು ದವಾಖಾನಿಗೆ ಹೋಗ್ರಿ."

ಗಂಡ ಫೋನು ಎತ್ತಿದರು. ಅಂಗಿ ಝಾಡಿಸದೆ ಹಾಗೇ ಬಂದರು. ಕಾರಿನಲ್ಲಿ ಅವರ ತೋಳಿಗೆ ಒರಗಿ ಹಾವೇರಿಗೆ ಹೋಗುವಾಗ ಮೂಗಿಗೆ ಮೆಣಸಿನಕಾಯಿ ವಾಸನೆ ಬರುತ್ತಿತ್ತು. ಅದೊಂದು ಮಾತ್ರ ಯಾವುದರ ವಾಸನೆ ಎಂದು ನನಗೆ ಸರಿಯಾಗಿ ಗೊತ್ತಿತ್ತು.

ಅದೃಷ್ಟಕ್ಕೆ ಆ ಡಾಕ್ಟರು ಅಂದು ಹಾವೇರಿಯಲ್ಲೇ ಇದ್ದರು. ನನ್ನ ಬಿಕ್ಕಳಿಕೆ ಕೇಳಿದವರೇ ಪರದೆ ಸರಿಸಿ ಒಳಬಂದು ಒಂದೇ ಪ್ರಶ್ನೆ ಹಾಕಿದರು. "ಇವತ್ತ ಹೊಸಾದು ಏನು ತಿಂದಾರರಿ?"

ಮಧ್ಯಾಹ್ನದಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯಾರು ನೆನೆಸಿದರು ಎಂದು ಊರೆಲ್ಲ ಹುಡುಕಿದ್ದೆವು. ಅನುಷಾ ಹೇಳಿದಳು, ಕಮರಾಕ್ಷಿ ಅಂತ. ಡಾಕ್ಟರಿಗೆ ಹೆಸರು ಹೊಳೆಯಲಿಲ್ಲ. ಅವಳು ಗಾಳಿಯಲ್ಲಿ ಬೆರಳಿನಿಂದ ಒಂದು ಚಿಕ್ಕಿ ಬರೆದಳಂತೆ. ಅವರು ಕೂಡಲೇ ನರ್ಸಿನ ಕಡೆ ತಿರುಗಿ ಯಂತ್ರ ಸಿದ್ಧಮಾಡಲು ಹೇಳಿದರು.

ಹಾಗೆ ನಾನು ಆ ಬಾಗಿಲಿನೊಳಗೆ ಹೋದೆ. ಮಂಚದ ಮೇಲೆ ಮಲಗಿಕೊಂಡೇ.

ಎರಡು ಸಲ ರಕ್ತ ಶುದ್ಧಿ ಮಾಡಿದರು. ಮೊದಲನೆಯದು ನನಗೆ ತಿಳಿಯದು. ಎರಡನೆಯ ಸಲ ಕಣ್ಣು ತೆರೆದಾಗ ಬಿಕ್ಕಳಿಕೆ ಇರಲಿಲ್ಲ. ಆ ನಿಶ್ಶಬ್ದ ಎಷ್ಟು ದೊಡ್ಡದಾಗಿತ್ತೆಂದರೆ ಯಂತ್ರದ ಸದ್ದೂ ಹಿತವಾಗಿತ್ತು. ಪಕ್ಕದ ಮಂಚದಲ್ಲಿ ಹಸಿರು ಇಳಕಲ್ ಸೀರೆ. ಅಗಡಿಯ ಅದೇ ಹೆಂಗಸು, ತಲೆದಿಂಬಿನ ಬಳಿ ಅದೇ ಬಾಟಲಿ.

"ಎಚ್ಚರಾತೇನ್ರಿ ಅಕ್ಕಾರ? ಹೆದರಬ್ಯಾಡ್ರಿ, ಮೊದಲನೇ ಸಲ ಎಲ್ಲಾರಿಗೂ ಹಂಗ. ನಾ ಬಸ್ಸಿನ್ಯಾಗ ಕುಂತೇನಿ ಅಂತ ತಿಳ್ಕೋತೇನಿ. ನಾಕು ತಾಸಿಗೆ ನಮ್ಮ ಸ್ಟಾಪ್ ಬರ್ತೈತಿ."

ಬಾಟಲಿ ಯಾಕೆ ಎಂದು ಕೇಳಿದೆ. "ನನ್ನ ಇಡೀ ದಿನದ ನೀರ್ರಿ ಇದು, ಡಾಕ್ಟರು ಹೇಳಿದಷ್ಟ. ಇಷ್ಟರಾಗ ಕತ್ತಲಾಗೂತನಕ ದಾಟಬೇಕು. ಭಾಳ ನೀರಡಿಕಿ ಆದ್ರ ಕೈಯಾಗ ಹಿಡಕೊಂಡ್ರ ಸಾಕಾಗತೈತಿ." ನಗುತ್ತಲೇ ಹೇಳಿದಳು. ಅಂದು ಕಾಯುವ ಕೋಣೆಯಲ್ಲಿ ಅದನ್ನು ಹಠ ಅಂದುಕೊಂಡಿದ್ದ ನನಗೆ ಅವಳ ಮುಖ ನೋಡಲಾಗಲಿಲ್ಲ. ನಾನು ಹೆದರಿದ್ದ ಆ ಕೋಣೆಯಲ್ಲಿ ಇದ್ದದ್ದು ಇಂಥ ಜನ. ಕಂಬಳಿ ಸರಿದರೆ ಒಬ್ಬರಿಗೊಬ್ಬರು ಎಳೆದುಕೊಡುತ್ತಿದ್ದರು.

ಡಾಕ್ಟರು ಮಂಚದ ಬಳಿ ಬಂದಾಗ, ನಾನು ಕೇಳುವ ಮೊದಲೇ ಅನುಷಾ ನೋಟ್‌ಬುಕ್ಕಿನ ಪುಟ ಮುಂದೆ ಹಿಡಿದಳು. ಅವರು ನಿಧಾನವಾಗಿ ಓದಿದರು.

"ಬರದದ್ದೆಲ್ಲಾ ಬರೋಬರಿ ಅದ" ಅಂದರು. "ಸಕ್ಕರಿ ಕಡಿಮಿ, ಪೊಟ್ಯಾಸಿಯಂ ಕಡಿಮಿ. ಕಿಡ್ನಿ ಛಲೋ ಇದ್ದವರು ತಿಂದ್ರ ಒಳ್ಳೇ ಹಣ್ಣು. ಆದ್ರ ಅದರಾಗ ಇನ್ನೊಂದು ಅಂಶ ಅದ. ಆರೋಗ್ಯ ಇದ್ದವರ ಕಿಡ್ನಿ ಅದನ್ನ ಹೊರಗ ಹಾಕತದ. ನಿಮ್ಮದರ ಕೈಲಿ ಆಗೂದಿಲ್ಲ, ಅದು ತಲಿಗೆ ಏರತದ. ಬಿಕ್ಕಳಿಕಿ ಅದರ ಮೊದಲನೇ ಕರೆಗಂಟಿ."

"ಹಂಗಾದ್ರ ಬೆಳವಲ?" ಕೇಳಿದೆ.

"ಅದರಾಗೂ ಪೊಟ್ಯಾಸಿಯಂ ಅದ, ಸದ್ಯಕ್ಕ ಬ್ಯಾಡ. ನಿಮ್ಮ ರಿಪೋರ್ಟ್ ನೋಡಿ ಮುಂದ ಹೇಳ್ತೇನಿ. ಹಣ್ಣಿಗೆ ಹಣ್ಣು ಹೋಲಿಸೀರಿ ತಾಯಿ. ನಿಮ್ಮ ರಿಪೋರ್ಟಿಗೂ ಒಂದು ಕಾಲಂ ಹಾಕಬೇಕಿತ್ತು."

ಬೈಗುಳದಂತೆ ಹೇಳಲಿಲ್ಲ. ಪುಟವನ್ನು ಮಡಚಿ ಅನುಷಾಳಿಗೆ ವಾಪಸು ಕೊಟ್ಟರು. ಮನೆಗೆ ಕಳಿಸುವ ದಿನ ರಕ್ತದ ವರದಿ ನೋಡಿ, ಕಿಡ್ನಿಯ ಶಕ್ತಿ ಮೊದಲಿಗಿಂತ ತುಸು ಇಳಿದಿದೆ, ಆದರೆ ಯಂತ್ರಕ್ಕೆ ಮತ್ತೆ ಬರುವ ಅಗತ್ಯ ಈಗಿಲ್ಲ ಅಂದರು. 'ತುಸು' ಮತ್ತು 'ಈಗಿಲ್ಲ' ಎರಡನ್ನೂ ಹಿಡಿದುಕೊಂಡು ಮನೆಗೆ ಬಂದೆ. ಈಗ ಒಂದು ವರ್ಷವಾಗುತ್ತ ಬಂತು. ಎರಡೂ ಹಾಗೆಯೇ ಇವೆ.

ಸುಮಂಗಲಾಳಿಗೆ ಆಸ್ಪತ್ರೆಗೆ ಬರುವ ಧೈರ್ಯ ಬರಲಿಲ್ಲ. ಒಂದು ವಾರದ ಮೇಲೆ ಫೋನ್ ಮಾಡಿ, "ವೈನಿ, ಗಿಡ ಕಡಸ್ತೇನಿ. ಮಂದಿ ಬಂದಾರ, ಕೊಡಲಿ ತಂದಾರ" ಎಂದು ಅತ್ತಳು. ನಾನು ಏನಾದರೂ ಅನ್ನುವ ಮೊದಲೇ ಅತ್ತೆ ಫೋನು ಕಸಿದುಕೊಂಡರು.

"ಹುಚ್ಚಿ, ಗಿಡ ಏನ್ ಮಾಡೇತಿ? ನಾವು ಕೇಳಲಿಲ್ಲ, ನಾವು ತಿಳೀಲಿಲ್ಲ. ಕೊಡಲಿ ಕಳಿಸು ವಾಪಸ್. ಸಂಕ್ರಾಂತಿಗೆ ನಾವ ಬರ್ತೇವಿ."

ಮಗಳ ಹಣ್ಣಿನ ಪರವಾಗಿ ಅತ್ತೆ ಮಾತಾಡಿದ್ದು ಅದೇ ಮೊದಲು. ಸಂಕ್ರಾಂತಿಗೆ ರಾಣೆಬೆನ್ನೂರಿಗೆ ಹೋದಾಗ ನಾನು ಒಂದು ಹಲಗೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದು, ದುಂಡಗೆ ಬರೆದು ಗಿಡಕ್ಕೆ ಕಟ್ಟಿದೆ: 'ಕಿಡ್ನಿ ತೊಂದರೆ ಇರುವವರು ಈ ಹಣ್ಣು ತಿನ್ನಬಾರದು. ಇದೆಯೋ ಇಲ್ಲವೋ ಗೊತ್ತಿಲ್ಲದವರು ಡಾಕ್ಟರನ್ನು ಕೇಳಿ.' ಓಣಿಯ ಮಕ್ಕಳು ಅದರ ಕೆಳಗೇ ನಿಂತು ಚಿಕ್ಕಿ ಹೋಳು ತಿನ್ನುತ್ತಾರೆ. ಅವರಿಗೆ ಅದು ಒಳ್ಳೆಯ ಹಣ್ಣೇ.

ನನ್ನ ಹಾಗೆ ಹಾಳೆ ಕೈಯಲ್ಲಿ ಹಿಡಿದು ಕುಳಿತವರಿಗೆ ನಾನು ಹೇಳುವುದು ಇಷ್ಟೇ. ಫೋನ್ ಮಾಡಲು ನಾಚಬೇಡಿ. ಈಗ ನಾನು ಪೇರಲ ಹಣ್ಣಿಗೂ ಫೋನ್ ಮಾಡುತ್ತೇನೆ. ಡಾಕ್ಟರು ನಗುತ್ತಾರೆ, ಆದರೆ ಉತ್ತರ ಕೊಡುತ್ತಾರೆ. ಮೊನ್ನೆ ಬೆಳವಲಕ್ಕೂ ಒಪ್ಪಿಗೆ ಸಿಕ್ಕಿತು, ಬೆಲ್ಲವಿಲ್ಲದೆ, ಎಂದಾದರೊಮ್ಮೆ ಒಂದು ಚಮಚ. ಅತ್ತೆ ಆ ಒಂದು ಚಮಚವನ್ನು ಬೆಳ್ಳಿ ಬಟ್ಟಲಿನಲ್ಲಿ ಇಟ್ಟುಕೊಟ್ಟರು.

ಕಳೆದ ವಾರ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಾಗ ನನಗೆ ಬಿಕ್ಕಳಿಕೆ ಬಂತು. ಗಂಡ ಕಾರಿನ ಕೀಲಿ ಹಿಡಿದು ನಿಂತರು. ಅನುಷಾ ಮೊಬೈಲಿನಲ್ಲಿ ಡಾಕ್ಟರ ನಂಬರು ತೆಗೆದಳು. ಅತ್ತೆ ಬೆರಳು ಮಡಚಿ ಎಣಿಸುತ್ತಿದ್ದರು. ನೀರು ಕುಡಿದೆ. ಐದನೆಯದಕ್ಕೆ ನಿಂತಿತು. ಕಟ್ಟೆಯ ಮೇಲಿಂದ ಪಾರವ್ವ ಇಣುಕಿ, "ಯಾರೋ ನೆನಸಿದ್ರು ಕಾಣ್ತೈತಿ, ಯಾರಿರಬೇಕ್ರಿ?" ಅಂದಳು.

ಅತ್ತೆ ಅವಳ ಕಡೆ ತಿರುಗಲಿಲ್ಲ. ನನ್ನ ಗದ್ದ ಹಿಡಿದು ಮುಖ ಬೆಳಕಿಗೆ ತಿರುಗಿಸಿದರು.

"ನೆನಸಿದವರು ನೆನಸ್ಲಿ. ನೀ ಮುಂಜಾನಿಂದ ಏನೇನು ತಿಂದಿ, ಅದನ್ನ ಹೇಳು ಮೊದಲು."